ಮೇಲ್ಮಹಡಿಗೆ ಬಿಟ್ಟ ಕಂಬಿ

ನಮ್ಮ ಊರುಗಳಲ್ಲಿ ಮನೆ ಕಟ್ಟಿಸುವವರು ತಾರಸಿ ಹಾಕಿಸಿದ ಮೇಲೂ ಕಂಬದ ಕಂಬಿಗಳನ್ನು ಕತ್ತರಿಸುವುದಿಲ್ಲ. ಮೂಲೆಮೂಲೆಯಲ್ಲಿ ಎರಡು ಮೂರು ಅಡಿ ಕಬ್ಬಿಣ ಆಕಾಶ ನೋಡುತ್ತಾ ನಿಂತಿರುತ್ತದೆ. ಮಗನ ಮದುವೆಯ ಹೊತ್ತಿಗೋ, ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗಲೋ ಮೇಲೊಂದು ಮಹಡಿ ಎಬ್ಬಿಸಬೇಕೆಂಬ ಲೆಕ್ಕ ಅದು. ಆ ಮಹಡಿಯಲ್ಲಿ ಅಡುಗೆಮನೆ ಎಲ್ಲಿ ಬರುತ್ತದೆ, ಕಿಟಕಿ ಯಾವ ದಿಕ್ಕಿಗೆ, ಬಾಳುವವರು ಯಾರು ಎಂಬುದೊಂದೂ ಇವತ್ತು ಮೇಸ್ತ್ರಿಗೆ ಗೊತ್ತಿಲ್ಲ. ಆದರೂ ಅಡಿಪಾಯ ತೋಡುವಾಗಲೇ ಆ ಭಾರವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾನೆ.

2023ರ ಸೆಪ್ಟೆಂಬರ್ 28ರಂದು ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರಿನ ಚಿತ್ರಗಳು ಹೊರಬಿದ್ದಾಗ ನನಗೆ ನೆನಪಾದದ್ದು ಈ ಕಂಬಿಗಳೇ. ನಾಲ್ಕು ಕೋರ್, 2.4 ಗಿಗಾಹರ್ಟ್ಸ್, ಹಿಂದಿನ ಪೈಗಿಂತ ಎರಡು ಮೂರು ಪಟ್ಟು ಚುರುಕು ಎಂದು ಎಲ್ಲರೂ ಅದರ ವೇಗದ ಮಾತಾಡುತ್ತಿದ್ದರು. ನನ್ನ ಕಣ್ಣು ನೆಟ್ಟದ್ದು ಬೋರ್ಡಿನ ಎಡ ಅಂಚಿನ ಒಂದು ಕಿರಿದಾದ ಕನೆಕ್ಟರಿನ ಮೇಲೆ. ಹದಿನಾರು ಸಂಪರ್ಕಗಳು, ಒಂದರಿಂದ ಒಂದಕ್ಕೆ ಅರ್ಧ ಮಿಲಿಮೀಟರ್ ಅಂತರ. ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ದಾರಿ ಅಲ್ಲಿಂದ ಹೊರಬರುತ್ತದೆ. ದೊಡ್ಡ ಕಂಪ್ಯೂಟರುಗಳಲ್ಲಿ ಗ್ರಾಫಿಕ್ಸ್ ಕಾರ್ಡು, ವೇಗದ ಎಸ್‌ಎಸ್‌ಡಿ ಜೋಡಿಸುವುದು ಇದೇ ದಾರಿಗೆ. ಆದರೆ ಪೈ 5ರ ಆ ಕನೆಕ್ಟರಿಗೆ ಸಿಕ್ಕಿಸಲು ಅವತ್ತು ಅಂಗಡಿಯಲ್ಲಿ ಏನೂ ಇರಲಿಲ್ಲ. ಕಂಬಿ ಬಿಟ್ಟಿದ್ದರು; ಮಹಡಿ ಇನ್ನೂ ಬಂದಿರಲಿಲ್ಲ.

ಕಾಯುವುದಕ್ಕೆ ಕೂತೆ. ಕಾಯುತ್ತಾ ಕೂತಾಗ, ಕಂಪ್ಯೂಟರಿನಲ್ಲಿ ಹೀಗೆ ಜಾಗ ಬಿಡುವುದೇ ಎಷ್ಟು ದೊಡ್ಡ ಕಸುಬು ಎಂಬುದನ್ನು ಮೊದಲಿನಿಂದ ಹೇಳಬೇಕೆನ್ನಿಸಿತು.

ರಾಸ್ಪ್‌ಬೆರಿ ಪೈ ಎಂದರೆ ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟು, 85 ಮಿಲಿಮೀಟರ್ ಉದ್ದ 56 ಮಿಲಿಮೀಟರ್ ಅಗಲದ, ಒಂದೇ ಬೋರ್ಡಿನ ಮೇಲೆ ಕೂತ ಇಡೀ ಕಂಪ್ಯೂಟರು. ಟಿವಿಯನ್ನೋ ಮಾನಿಟರನ್ನೋ, ಒಂದು ಕೀಬೋರ್ಡನ್ನೂ ಮೌಸನ್ನೂ ಜೋಡಿಸಿ, ಮೊಬೈಲಿಗೆ ಹಾಕುವಂಥ ಮೆಮೊರಿ ಕಾರ್ಡಿನಲ್ಲಿ ಲಿನಕ್ಸ್ ತುಂಬಿಕೊಟ್ಟರೆ ಕೆಲಸಕ್ಕೆ ತಯಾರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಲು ಅರ್ಜಿ ಹಾಕುವವರು ಕಡಿಮೆಯಾಗುತ್ತಿರುವುದನ್ನೂ, ಬಂದವರಿಗೂ ಯಂತ್ರದ ಒಳಗನ್ನು ಮುಟ್ಟಿ ಅಭ್ಯಾಸವಿಲ್ಲದಿರುವುದನ್ನೂ ಕಂಡು ಎಬೆನ್ ಅಪ್ಟನ್ ಮತ್ತು ಗೆಳೆಯರು ಈ ಕೆಲಸಕ್ಕೆ ಇಳಿದರು. 2006ರ ಮೊದಲ ಮಾದರಿ ತೂತುಗಳ ಬೋರ್ಡಿನ ಮೇಲೆ ಕೈಯಲ್ಲೇ ಬೆಸುಗೆ ಹಾಕಿದ್ದು. ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು, 35 ಡಾಲರಿಗೆ. ಮಾರುವವರ ಜಾಲತಾಣಗಳು ಅವತ್ತು ಬೆಳಗ್ಗೆಯೇ ಜನಸಂದಣಿಗೆ ಕುಸಿದವು.

ಅಗ್ಗದ ಕಂಪ್ಯೂಟರು ಎಂಬುದಷ್ಟೇ ಆಗಿದ್ದರೆ ಅದು ಇಷ್ಟು ದಿನ ಬಾಳುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಅದನ್ನು ಬಾಳಿಸಿದ್ದು ಬೋರ್ಡಿನ ಒಂದು ಅಂಚಿನಲ್ಲಿ ಮುಚ್ಚಳವಿಲ್ಲದೆ ನೆಟ್ಟಗೆ ನಿಂತ ಪಿನ್ನುಗಳ ಸಾಲು.

ಈಗಿನ ಪೈಗಳಲ್ಲಿ ಆ ಪಿನ್ನುಗಳು 40. ಇಪ್ಪತ್ತರ ಎರಡು ಸಾಲು. ಪಿನ್ನಿನಿಂದ ಪಿನ್ನಿಗೆ 2.54 ಮಿಲಿಮೀಟರ್, ಅಂದರೆ ಒಂದು ಇಂಚಿನ ಹತ್ತನೇ ಒಂದು ಪಾಲು. ಎಲೆಕ್ಟ್ರಾನಿಕ್ಸ್ ಕಲಿಯುವವರ ಬ್ರೆಡ್‌ಬೋರ್ಡಿನ ತೂತುಗಳ ಅಂತರವೂ ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕಂತೆಗಟ್ಟಲೆ ಮಾರುವ ಜಂಪರ್ ವೈರು ತಂದು ಸಿಕ್ಕಿಸಿದರೆ ಕಚ್ಚಿಕೊಂಡು ಕೂರುತ್ತದೆ. ಇದಕ್ಕಿಂತ ಚಿಕ್ಕ, ಚೆಂದದ, ಜಾಗ ಉಳಿಸುವ ಕನೆಕ್ಟರುಗಳು 2012ರಲ್ಲೂ ಬೇಕಾದಷ್ಟಿದ್ದವು. ಅವನ್ನು ಬಿಟ್ಟು, ಹತ್ತು ವರ್ಷದ ಹುಡುಗಿಯ ಬೆರಳಿಗೂ ಸಿಗುವ ಈ ಹಳೆಯ ಅಳತೆಯನ್ನು ಆರಿಸಿಕೊಂಡದ್ದು ದೊಡ್ಡ ಔದಾರ್ಯ.

ಬೋರ್ಡನ್ನು ಬೋರಲು ಮಾಡಿ ನೋಡಿ. ಬೆಸುಗೆಯ ಬಿಲ್ಲೆಗಳೆಲ್ಲ ದುಂಡಗಿವೆ, ಒಂದು ಮಾತ್ರ ಚೌಕ. ಆ ಚೌಕವೇ ಒಂದನೇ ಪಿನ್ನು. ಎಣಿಕೆ ಅಲ್ಲಿಂದ ಶುರು. ಎರಡು ಪಿನ್ನುಗಳಲ್ಲಿ 5 ವೋಲ್ಟ್, ಎರಡರಲ್ಲಿ 3.3 ವೋಲ್ಟ್ ಇರುತ್ತದೆ. ಎಂಟು ಪಿನ್ನುಗಳು ಗ್ರೌಂಡ್. ಉಳಿದ 28 ಹೇಳಿದ ಮಾತು ಕೇಳುವವು. ಏಳು ಎಂದರೆ 3.3 ವೋಲ್ಟಿಗೆ ಏಳುತ್ತವೆ, ಕೂರು ಎಂದರೆ ಸೊನ್ನೆಗೆ ಇಳಿಯುತ್ತವೆ, ಸುಮ್ಮನೆ ಕಿವಿಗೊಡು ಎಂದರೆ ಹೊರಗಿನಿಂದ ಬಂದ ವೋಲ್ಟೇಜನ್ನು ಗಮನಿಸಿ ವರದಿ ಮಾಡುತ್ತವೆ. ಎಂಟು ಗ್ರೌಂಡುಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಉದ್ದಕ್ಕೂ ಹಂಚಿರುವುದನ್ನು ಗಮನಿಸಬೇಕು. ಹೋದ ವಿದ್ಯುತ್ತು ವಾಪಸು ಬರಲೇಬೇಕಲ್ಲ. ಯಾವ ಪಿನ್ನಿಗೆ ವೈರು ಹಾಕಿದರೂ ವಾಪಸು ದಾರಿ ಒಂದೆರಡು ಹೆಜ್ಜೆಯೊಳಗೇ ಸಿಗುವಂತೆ ಇಟ್ಟಿದ್ದಾರೆ. ಊರಿನ ಬೀದಿಯಲ್ಲಿ ಬಾವಿ ತೋಡಿಸಿದವರ ಯೋಚನೆ ಇದು.

ಈ ಪಿನ್ನುಗಳ ಗುಣ ಕೈಗೆ ಹತ್ತಬೇಕಾದರೆ ಒಮ್ಮೆಯಾದರೂ ಪೈ ಝೀರೋ ಬೋರ್ಡಿಗೆ ಅವನ್ನು ತಾವೇ ಬೆಸೆದು ನೋಡಬೇಕು. 2015ರ ನವೆಂಬರ್ 26ರಂದು ಬಂದ ಐದು ಡಾಲರಿನ ಈ ಪೈಯನ್ನು ಮ್ಯಾಗ್‌ಪೈ ಪತ್ರಿಕೆಯ ಮುಖಪುಟಕ್ಕೇ ಅಂಟಿಸಿ ಹಂಚಿದ್ದರು. ಅದರಲ್ಲಿ ಪಿನ್ನುಗಳಿಲ್ಲ, ನಲವತ್ತು ತೂತುಗಳು ಮಾತ್ರ. ಪಿನ್ನಿನ ಪಟ್ಟಿಯನ್ನು ತೂರಿಸಿ, ಬೋರ್ಡನ್ನು ಬೋರಲು ಹಾಕಿ, ಕಾದ ಕಡ್ಡಿಯನ್ನು ಪಿನ್ನಿಗೂ ತಾಮ್ರದ ಬಿಲ್ಲೆಗೂ ಒಟ್ಟಿಗೆ ತಾಗಿಸಿ ಎರಡು ಎಣಿಸುವಷ್ಟರಲ್ಲಿ ಬೆಸುಗೆ ತಂತಿ ಮುಟ್ಟಿಸಿದರೆ ತವರ ಕರಗಿ, ಹೊಳೆದು, ಪಿನ್ನಿನ ಸುತ್ತ ಪುಟ್ಟ ಗೋಪುರದಂತೆ ಏರಿ ನಿಲ್ಲುತ್ತದೆ. ಐದನೆಯದು ಹೀಗೇ ಆಗುತ್ತದೆ. ಆರನೆಯದಕ್ಕೆ ಬಂದಾಗ ತವರ ಮಂಕಾಗಿ ಉಂಡೆ ಕಟ್ಟುತ್ತದೆ, ಬಿಲ್ಲೆಗೆ ಹತ್ತುವುದೇ ಇಲ್ಲ. ಕೈ ತಪ್ಪಿತೇ ಎಂದು ಗಾಬರಿಯಾಗುತ್ತದೆ. ಕೈ ತಪ್ಪಿಲ್ಲ, ಆರನೆಯದು ಗ್ರೌಂಡ್. ಬೋರ್ಡಿನ ಒಳಗೆ ಹಾಸಿರುವ ಅಗಲವಾದ ತಾಮ್ರದ ಹಾಳೆಗೆ ಅದು ಅಂಟಿಕೊಂಡಿದೆ. ನಾವು ಕೊಟ್ಟ ಬಿಸಿಯನ್ನೆಲ್ಲ ಆ ಹಾಳೆ ಹೀರಿಕೊಳ್ಳುತ್ತಿದೆ. ಇನ್ನೆರಡು ಎಣಿಕೆ ತಾಳಿದರೆ ಅಲ್ಲೂ ತವರ ಹೊಳೆದು ಹರಿಯುತ್ತದೆ. ಹೀಗೆ ನಲವತ್ತು ಮುಗಿಸುವಷ್ಟರಲ್ಲಿ ಯಾವುದು ಗ್ರೌಂಡ್ ಎಂಬುದು ಪುಸ್ತಕ ನೋಡದೆಯೇ ಬೆರಳಿಗೆ ಗೊತ್ತಾಗಿರುತ್ತದೆ.

ಇದರಲ್ಲಿ ಅಪಾಯವೂ ಇದೆ. ಒಂದನೇ ಪಿನ್ನು 3.3 ವೋಲ್ಟ್, ಅದರ ಪಕ್ಕದ ಎರಡನೆಯದು 5 ವೋಲ್ಟ್. ಪೈಯ ಚಿಪ್ಪು 3.3ಕ್ಕಿಂತ ಹೆಚ್ಚಿನದನ್ನು ತಾಳುವುದಿಲ್ಲ. ವರ್ಷಗಳ ಹಿಂದೆ, ವಿದ್ಯುತ್ತು ಆರಿಸದೆ ವೈರು ಬದಲಿಸಲು ಹೋಗಿ ಇವೆರಡನ್ನೂ ನಾನು ಒಮ್ಮೆ ತಾಗಿಸಿಬಿಟ್ಟೆ. ಹೊಗೆ ಬರಲಿಲ್ಲ, ಸದ್ದಾಗಲಿಲ್ಲ. ಹಸಿರು ದೀಪ ಆರಿತು, ಮತ್ತೆ ಹತ್ತಲಿಲ್ಲ. ಬೋರ್ಡಿನ ಮೂಲಕ ಹೊರಗಿನ ಲೋಕವನ್ನು ಮುಟ್ಟಬಹುದು ಎಂದರೆ ಹೊರಗಿನ ಲೋಕವೂ ಬೋರ್ಡನ್ನು ಮುಟ್ಟಬಹುದು ಎಂದೇ ಅರ್ಥ. ಪಿನ್ನುಗಳನ್ನು ತೆರೆದಿಟ್ಟವರು ಅದನ್ನು ಬಲ್ಲವರೇ. ಬೆಲೆಯನ್ನು ಅಷ್ಟು ಕೆಳಗೆ ಹಿಡಿದದ್ದರಲ್ಲಿ, ಒಂದು ಸುಟ್ಟರೆ ಮಗು ಎದೆಗುಂದದೆ ಇನ್ನೊಂದನ್ನು ಕೈಗೆತ್ತಿಕೊಳ್ಳಲಿ ಎಂಬ ಆಸೆಯೂ ಇತ್ತು.

28 ಪಿನ್ನುಗಳಿಂದ ಏನು ಮಹಾ ಆಗುತ್ತದೆ ಎನ್ನಬೇಡಿ. ಮೂರನೆಯ ಮತ್ತು ಐದನೆಯ ಪಿನ್ನುಗಳನ್ನೇ ತೆಗೆದುಕೊಳ್ಳಿ. ಈ ಎರಡೇ ತಂತಿಗಳ ಮೇಲೆ ಹತ್ತಾರು ಉಪಕರಣಗಳನ್ನು ಒಟ್ಟಿಗೆ ನೇತುಹಾಕಬಹುದು. ಐ-ಸ್ಕ್ವೇರ್ಡ್-ಸಿ ಎಂಬ ಈ ಪದ್ಧತಿಯನ್ನು ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿತು. ಇದರ ನಡೆ ನಮ್ಮ ಶಾಲೆಯ ಹಾಜರಿಯಂತೆಯೇ. ಒಂದು ತಂತಿ ತಾಳ ಹಾಕುತ್ತದೆ, ಇನ್ನೊಂದರ ಮೇಲೆ ಮಾತು ನಡೆಯುತ್ತದೆ. ಪ್ರತಿ ಉಪಕರಣಕ್ಕೂ ಒಂದು ಕ್ರಮಸಂಖ್ಯೆ ಇದೆ. ಪೈ ಒಂದು ಸಂಖ್ಯೆಯನ್ನು ಕೂಗುತ್ತದೆ. ತಂತಿಗೆ ಜೋತುಬಿದ್ದ ಎಲ್ಲವೂ ಕೇಳಿಸಿಕೊಳ್ಳುತ್ತವೆ, ಆದರೆ ಆ ಸಂಖ್ಯೆಯದ್ದು ಮಾತ್ರ ಒಂದು ತಾಳದ ಹೊತ್ತು ತಂತಿಯನ್ನು ಕೆಳಗೆ ಎಳೆದು ಹಿಡಿಯುತ್ತದೆ. ಅದೇ ‘ಹಾಜರ್ ಸಾರ್’. ಆಮೇಲೆ ಅವರಿಬ್ಬರ ಮಾತುಕತೆ, ಮಿಕ್ಕವರು ಸುಮ್ಮನಿರುತ್ತಾರೆ. 2013ರಲ್ಲಿ ನಾನು ಮೊದಲ ಪೈಗೆ ಬಿಎಂಪಿ 180 ಎಂಬ ವಾಯುಭಾರದ ಸೆನ್ಸರನ್ನು ಜೋಡಿಸಿದ್ದು ಹೀಗೆ: ಒಂದನೆಯ ಪಿನ್ನಿನಿಂದ ವಿದ್ಯುತ್ತು, ಮೂರು ಮತ್ತು ಐದರಿಂದ ಮಾತು, ಆರರಿಂದ ಗ್ರೌಂಡ್. ನಾಲ್ಕು ವೈರು. ಅದರ ಕ್ರಮಸಂಖ್ಯೆ 77. ಮಳೆಗಾಲದ ಒಂದು ಸಂಜೆ ಪರದೆಯ ಮೇಲೆ ಅಂಕಿ ಇಳಿಯುತ್ತಾ ಹೋಗಿ, ಸ್ವಲ್ಪ ಹೊತ್ತಿಗೆ ಹೆಂಚಿನ ಮೇಲೆ ಮೊದಲ ಹನಿ ಬಿದ್ದದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಆ ಮೊದಲ ಪೈಯಲ್ಲಿ ಪಿನ್ನುಗಳು 26 ಮಾತ್ರ ಇದ್ದವು. ಬೋರ್ಡನ್ನು ಸ್ಕ್ರೂ ಹಾಕಿ ನಿಲ್ಲಿಸಲು ಒಂದು ತೂತು ಕೂಡ ಇರಲಿಲ್ಲ. ಅದೇ 2012ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಎರಡು ತೂತು ಬಂದವು, ಆದರೆ ಮೂರು-ಐದನೆಯ ಪಿನ್ನುಗಳ ಹಿಂದಿನ ಐ-ಸ್ಕ್ವೇರ್ಡ್-ಸಿ ದಾರಿಯ ಸಂಖ್ಯೆ ಸೊನ್ನೆಯಿಂದ ಒಂದಕ್ಕೆ ಬದಲಾಯಿತು. ಪುಸ್ತಕ ನೋಡಿ ಬರೆದ ಪ್ರೋಗ್ರಾಮುಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಚಿಕ್ಕ ಬದಲಾವಣೆಯೇ, ಆದರೆ ಆಗಲೇ ಲೋಕದ ಉದ್ದಗಲಕ್ಕೂ ಜನ ಆ ಪಿನ್ನುಗಳ ಮೇಲೆ ಕಟ್ಟಲು ಶುರುಮಾಡಿದ್ದರು. 2014ರ ಜುಲೈನಲ್ಲಿ ಬಿ-ಪ್ಲಸ್ ಮಾದರಿ 40 ಪಿನ್ನುಗಳೊಂದಿಗೆ ಬಂದಾಗ ಮೊದಲ 26ನ್ನು ಕದಲಿಸಲಿಲ್ಲ. ಹೊಸ 14 ಪಿನ್ನುಗಳನ್ನು ಅವುಗಳ ಮುಂದಕ್ಕೆ ಸೇರಿಸಿದರು, ಅಷ್ಟೆ. ನಾಲ್ಕು ಮೂಲೆಗೆ ನಾಲ್ಕು ತೂತು ಬಂದವು, ಉದ್ದಕ್ಕೆ 58 ಮಿಲಿಮೀಟರ್, ಅಡ್ಡಕ್ಕೆ 49. ಅಂದಿನಿಂದ ಪೈ 2, 3, 4, 5 ಬಂದವು. ಚಿಪ್ಪು ಬದಲಾಯಿತು, ಯುಎಸ್‌ಬಿ ಜಾಗ ಬದಲಾಯಿತು, ಆಡಿಯೋ ತೂತು ಮಾಯವಾಯಿತು. ಆ ನಾಲ್ಕು ತೂತು, ನಲವತ್ತು ಪಿನ್ನು ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಮಹಡಿ ಕಟ್ಟುವವನು ನಾಳೆ ಬಂದಾಗ ಕಂಬಿ ಇದ್ದಲ್ಲೇ ಇರಬೇಕು.

ಬಿ-ಪ್ಲಸ್ ಜತೆಗೇ ‘ಹ್ಯಾಟ್’ ಎಂಬ ಒಪ್ಪಂದವೂ ಬಂತು. ಪೈಯ ತಲೆಯ ಮೇಲೆ ಟೋಪಿಯಂತೆ ಕೂರುವ ಬೋರ್ಡಿಗೆ ಆ ಹೆಸರು. 65 ಮಿಲಿಮೀಟರ್ ಉದ್ದ, 56 ಅಗಲ, ಮೂಲೆಗಳು ಇಷ್ಟೇ ದುಂಡಗೆ, ಕ್ಯಾಮೆರಾದ ರಿಬ್ಬನ್ ಕೇಬಲ್ಲಿಗೆ ಇಲ್ಲಿ ಕಿಂಡಿ ಎಂದು ಎಲ್ಲವನ್ನೂ ಬರೆದಿಟ್ಟರು. ಅದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು 27 ಮತ್ತು 28ನೆಯ ಪಿನ್ನುಗಳ ಕಥೆ. ಈ ಎರಡನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಪ್ರತಿ ಹ್ಯಾಟಿನ ಮೇಲೂ ಅಕ್ಕಿಕಾಳಿಗಿಂತ ಕೊಂಚ ದೊಡ್ಡದಾದ ಒಂದು ಮೆಮೊರಿ ಚಿಪ್ಪು ಇರಬೇಕು, ಅದರಲ್ಲಿ ತಾನು ಯಾರು, ಮಾಡಿದವರು ಯಾರು, ತನಗೆ ಯಾವ ಪಿನ್ನುಗಳು ಬೇಕು, ಯಾವ ಡ್ರೈವರ್ ಬೇಕು ಎಂಬುದೆಲ್ಲ ಬರೆದಿರಬೇಕು. ಪೈಗೆ ವಿದ್ಯುತ್ತು ಕೊಟ್ಟ ಕೂಡಲೇ, ಲಿನಕ್ಸ್ ಏಳುವುದಕ್ಕೂ ಮೊದಲು, ಅದು ಈ ಎರಡು ಪಿನ್ನುಗಳ ಮೂಲಕ ಮೇಲೆ ಯಾರಾದರೂ ಇದ್ದೀರಾ ಎಂದು ವಿಚಾರಿಸುತ್ತದೆ. ಹ್ಯಾಟ್ ತನ್ನ ಪರಿಚಯ ಹೇಳಿಕೊಳ್ಳುತ್ತದೆ, ಪೈ ಅದಕ್ಕೆ ಬೇಕಾದ ಪಿನ್ನುಗಳನ್ನು ಅಣಿಗೊಳಿಸುತ್ತದೆ. ಹೊಸಬರು ಬಾಗಿಲಿಗೆ ಬಂದಾಗ ಯಾವ ಊರು, ಯಾರ ಮನೆಯವರು ಎಂದು ಕೇಳಿ ಮಣೆ ಹಾಕುವ ಹಾಗೆ.

ಈ ಒಪ್ಪಂದದ ಬಲದಿಂದಲೇ ಸೆನ್ಸ್ ಹ್ಯಾಟ್ ಎಂಬುದೊಂದು ಅಂತರಿಕ್ಷಕ್ಕೂ ಹೋಯಿತು. 64 ಪುಟ್ಟ ದೀಪಗಳು, ತೇವಾಂಶ, ಉಷ್ಣತೆ, ವಾಯುಭಾರ, ಚಲನೆ ಅಳೆಯುವ ಸೆನ್ಸರುಗಳು ಇದ್ದ ಆ ಹ್ಯಾಟನ್ನು ಹೊತ್ತ ಎರಡು ಪೈಗಳು 2015ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿದವು. ಬ್ರಿಟನ್ನಿನ ಶಾಲಾಮಕ್ಕಳು ಬರೆದ ಪ್ರೋಗ್ರಾಮುಗಳನ್ನು ಗಗನಯಾನಿ ಟಿಮ್ ಪೀಕ್ ಅಲ್ಲಿ ಅವುಗಳ ಮೇಲೆ ಓಡಿಸಿದರು. ತೂಕವಿಲ್ಲದ ಜಾಗದಲ್ಲಿ ಬಿಸಿಗಾಳಿ ತಾನಾಗಿ ಮೇಲೇರುವುದಿಲ್ಲವಾದ್ದರಿಂದ ಪೈಯ ಬಿಸಿಯನ್ನು ಹೀರಲು ಅಲ್ಯೂಮಿನಿಯಮ್ಮಿನ ಗಟ್ಟಿಯನ್ನೇ ಕೊರೆದು ಡಬ್ಬಿ ಮಾಡಿದ್ದರು.

ಎಲ್ಲ ಕಾಲದಲ್ಲೂ ಈ ಕಸುಬು ಇಷ್ಟು ಹದವಾಗಿರಲಿಲ್ಲ. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಜೆಡ್‌ಎಕ್ಸ್ 81 ಬೆಲೆ 70 ಪೌಂಡಿನ ಒಳಗೇ ಇತ್ತು, ಅದರ ಮೆಮೊರಿ ಬರೀ ಒಂದು ಕಿಲೋಬೈಟ್. 16 ಕಿಲೋಬೈಟಿನ ಒಂದು ಡಬ್ಬಿಯನ್ನು ಬೆನ್ನಿಗೆ ಸಿಕ್ಕಿಸಿ ಹಿಗ್ಗಿಸಿಕೊಳ್ಳಬಹುದಿತ್ತು. ಆ ಡಬ್ಬಿಗೆ ಬೋರ್ಡಿನ ಅಂಚಿನ ಹಿಡಿತ ಬಿಟ್ಟರೆ ಬೇರೆ ಆಧಾರವಿಲ್ಲ. ಟೈಪು ಮಾಡುವಾಗ ಯಂತ್ರ ಒಂದಿಷ್ಟು ಅಲುಗಿದರೆ ಸಂಪರ್ಕ ತಪ್ಪಿ, ಸಂಜೆಯಿಡೀ ಬರೆದ ಪ್ರೋಗ್ರಾಮು ಅಳಿಸಿಹೋಗುತ್ತಿತ್ತು. ಜನ ಅಂಟುಮೇಣ ಮೆತ್ತಿ ಅದನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಪೈಯ ನಾಲ್ಕು ಮೂಲೆಗೆ ಸ್ಕ್ರೂ ಬಿಗಿಯುವಾಗಲೆಲ್ಲ ಆ ಡಬ್ಬಿಯ ನೆನಪು ನನಗೆ ಬರುತ್ತದೆ. ತಂತಿಗಳ ಜೋಡಣೆ ಎಷ್ಟೇ ಜಾಣತನದ್ದಾದರೂ ಭಾರ ಹೊರುವುದಕ್ಕೆ ಕಂಬ ಬೇಕೇ ಬೇಕು.

ಅದೇ 1981ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ ಬಿಬಿಸಿಗಾಗಿ ತಯಾರಿಸಿದ ಬಿಬಿಸಿ ಮೈಕ್ರೋ ಹೊರಬಂತು. ಜನರಿಗೆ ಟಿವಿಯ ಮೂಲಕ ಕಂಪ್ಯೂಟರ್ ಕಲಿಸುವ ಯೋಜನೆಯ ಯಂತ್ರ ಅದು. ಅದಕ್ಕೆ ಮಾಡೆಲ್ ಎ, ಮಾಡೆಲ್ ಬಿ ಎಂಬ ಹೆಸರುಗಳಿದ್ದವು. ಪೈಗೆ ಆ ಹೆಸರುಗಳು ಬಂದದ್ದು ಅಲ್ಲಿಂದಲೇ. ಅದರ ಹೊಟ್ಟೆಯ ಕೆಳಗೆ, ಮೇಜಿನ ಮೇಲೆ ಇಟ್ಟರೆ ಕಾಣದ ಜಾಗದಲ್ಲಿ, ಕನೆಕ್ಟರುಗಳ ಒಂದು ಸಾಲು. ಪ್ರಿಂಟರಿಗೊಂದು, ಡಿಸ್ಕಿಗೊಂದು, ಪ್ರಯೋಗ ಮಾಡುವವರಿಗೊಂದು. ಸಾಲಿನ ಕೊನೆಯದರ ಹೆಸರು ‘ಟ್ಯೂಬ್’. ಇನ್ನೂ ಹುಟ್ಟಿಲ್ಲದ ಎರಡನೇ ಪ್ರೊಸೆಸರಿಗೆಂದು ಕಾದಿರಿಸಿದ ದಾರಿ ಅದು. ಬರುವ ಪ್ರೊಸೆಸರು ಯಾವ ಜಾತಿಯದಾದರೂ ಆಗಬಹುದಿತ್ತು. ಹಾಗಾಗಿ ಎರಡು ಯಂತ್ರಗಳು ಒಂದರ ಮೆಮೊರಿಗೆ ಇನ್ನೊಂದು ಕೈಹಾಕದೆ, ಬರೀ ಸಂದೇಶಗಳ ಕೊಡುಕೊಳ್ಳುವಿಕೆಯಲ್ಲಿ ಮಾತಾಡುವಂತೆ ಮಾಡಿದರು. ಟ್ಯೂಬಿನ ಕನೆಕ್ಟರಿನಲ್ಲಿ ಇದ್ದದ್ದೂ 40 ಸಂಪರ್ಕಗಳೇ.

ಆ ಬಾಗಿಲಿನಿಂದ ಒಳಗೆ ಬಂದವರು ಯಾರು ಎಂಬುದನ್ನು ಹೇಳುವಾಗ ನನಗೆ ಮೈ ನವಿರೇಳುತ್ತದೆ. 1983ರಲ್ಲಿ ಏಕಾರ್ನಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ತಮ್ಮದೇ ಒಂದು ಪ್ರೊಸೆಸರ್ ರೂಪಿಸಲು ಕೂತರು. ವಿಲ್ಸನ್ ಅದರ ಆದೇಶಗಳನ್ನು ಹೆಣೆದರು, ಫರ್ಬರ್ ಅದರ ಒಳಗಿನ ರಚನೆಯನ್ನು. ಸುಮಾರು 25,000 ಟ್ರಾನ್ಸಿಸ್ಟರುಗಳ ಆ ಚಿಪ್ಪು ತಯಾರಾಗಿ ಬಂದದ್ದು 1985ರ ಏಪ್ರಿಲ್ 26ರಂದು. ಅದನ್ನು ಪರೀಕ್ಷಿಸಲು ಹೊಸ ಕಂಪ್ಯೂಟರು ಕಟ್ಟುತ್ತಾ ಕೂರಬೇಕಾಗಲಿಲ್ಲ. ಬಿಬಿಸಿ ಮೈಕ್ರೋದ ಟ್ಯೂಬಿಗೆ ಜೋಡಿಸಿದರು, ಅವತ್ತೇ ಓಡಿತು. ಅದು ಎಷ್ಟು ವಿದ್ಯುತ್ತು ತಿನ್ನುತ್ತದೆಂದು ಫರ್ಬರ್ ಮೀಟರ್ ಹಿಡಿದರೆ ಸೊನ್ನೆ ತೋರಿಸಿತು. ನೋಡಿದರೆ ಆ ಬೋರ್ಡಿನಲ್ಲಿ ಚಿಪ್ಪಿಗೆ ವಿದ್ಯುತ್ತು ಕೊಡುವ ದಾರಿಯೇ ಜೋಡಣೆಯಾಗಿರಲಿಲ್ಲ. ಅಕ್ಕಪಕ್ಕದ ಸಂಕೇತದ ತಂತಿಗಳಿಂದ ಸೋರಿ ಬಂದ ಅಷ್ಟಿಷ್ಟನ್ನೇ ಕುಡಿದು ಅದು ಕೆಲಸ ಮಾಡುತ್ತಿತ್ತು. ಆ ಚಿಪ್ಪಿನ ಹೆಸರು ಆರ್ಮ್. ಇವತ್ತು ನಮ್ಮ ಜೇಬಿನ ಮೊಬೈಲುಗಳಲ್ಲಿ ಇರುವುದು ಅದರ ಸಂತತಿ. ರಾಸ್ಪ್‌ಬೆರಿ ಪೈಯ ಒಳಗೆ ಇರುವುದೂ ಅದೇ. ಯಾರಿಗೆಂದು ಗೊತ್ತಿಲ್ಲದೆ ತೆರೆದಿಟ್ಟ ಒಂದು ಬಾಗಿಲು ಮೂರು ವರ್ಷಕ್ಕೂ ಹೆಚ್ಚು ಕಾದಿತ್ತು.

ಬೆಂಗಳೂರಿನ ಒಂದು ಯಂತ್ರದಲ್ಲೂ ಅದೇ ಸಂತತಿ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರಿನ ಮಾದರಿ 2001ರಲ್ಲಿ ಜನರ ಮುಂದೆ ಬಂತು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಓಡಿಸುವ ಯಂತ್ರ. ಒಳಗೆ ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರು. ಅದರ ಹಿಗ್ಗುವಿಕೆಯ ಬಾಗಿಲು ಒಂದು ಸ್ಮಾರ್ಟ್ ಕಾರ್ಡಿನ ಕಿಂಡಿ. ಯಂತ್ರ ಊರಿಗೆಲ್ಲ ಒಂದೇ ಇದ್ದರೂ ಸಾಕು, ಪ್ರತಿಯೊಬ್ಬರೂ ತಮ್ಮ ಕಾರ್ಡು ತಂದು ಸಿಕ್ಕಿಸಿದಾಗ ಅದು ಅವರದ್ದೇ ಆಗುತ್ತದೆ ಎಂಬುದು ಆ ಕಿಂಡಿಯ ಹಿಂದಿನ ಯೋಚನೆ. ಬರಹವನ್ನು ಕನ್ನಡದಲ್ಲೇ ಓದಿ ಹೇಳುವ ‘ಧ್ವನಿ’ ತಂತ್ರಾಂಶವೂ ಆ ಬಳಗದಿಂದಲೇ ಹೊರಟದ್ದು. 2004ರಲ್ಲಿ ಬಿಇಎಲ್ ಸಿಂಪ್ಯೂಟರನ್ನು ತಯಾರಿಸಿ ಮಾರುಕಟ್ಟೆಗೆ ತಂದರೂ ಹೆಚ್ಚು ದಿನ ನಿಲ್ಲಲಿಲ್ಲ. ಆದರೆ ಬಡವರೂ ಹಂಚಿಕೊಂಡು ಬಳಸಬಲ್ಲ ಕಂಪ್ಯೂಟರಿಗೆ ಬಾಗಿಲು ಹೇಗಿರಬೇಕು ಎಂದು ನಮ್ಮವರು ಅಷ್ಟು ಮೊದಲೇ ಯೋಚಿಸಿದ್ದರು ಎಂಬುದು ನನಗೆ ಹೆಮ್ಮೆಯ ವಿಷಯ.

ಪೈ 5ಕ್ಕೆ ಹಿಂದಿರುಗೋಣ. ಹಳೆಯ ಪೈಗಳಲ್ಲಿ ಮಾತು ಕೇಳುವ ಪಿನ್ನುಗಳೆಲ್ಲ ಮುಖ್ಯ ಚಿಪ್ಪಿಗೇ ನೇರ ಜೋಡಣೆಯಾಗಿದ್ದವು. ಚಿಪ್ಪು ಹೊಸದಾದಂತೆ, ಸೂಕ್ಷ್ಮವಾದಂತೆ, 3.3 ವೋಲ್ಟಿನ ಒರಟು ಹೊರಲೋಕವನ್ನು ಅದು ತಾಳಿಕೊಳ್ಳುವುದು ಕಷ್ಟವಾಗುತ್ತಾ ಬಂತು. ಹಾಗಾಗಿ ಪೈ ತಂಡ ಆರ್‌ಪಿ 1 ಎಂಬ ಬೇರೊಂದು ಚಿಪ್ಪನ್ನು ತಾನೇ ವಿನ್ಯಾಸ ಮಾಡಿತು. 2016ರಿಂದ ನಡೆದ ಕೆಲಸ ಅದು. ಮುಖ್ಯ ಚಿಪ್ಪು ಲೆಕ್ಕ ಮಾಡುತ್ತದೆ, ಆರ್‌ಪಿ 1 ಪಿನ್ನು, ಯುಎಸ್‌ಬಿ, ನೆಟ್‌ವರ್ಕುಗಳ ಹೊರಬಾಗಿಲು ಕಾಯುತ್ತದೆ. ಮನೆಯ ಒಳಗನ್ನೆಲ್ಲ ಒಡೆದು ಕಟ್ಟಿದರೂ ಬೀದಿಯ ಕಡೆಯ ಜಗುಲಿ ಇದ್ದ ಹಾಗೇ ಇದೆ. ಚಿಪ್ಪಿನ ಒಳಗಿನ ವಿಳಾಸಗಳಿಗೇ ನೇರ ಕೈಹಾಕುತ್ತಿದ್ದ ಕೆಲವು ಹಳೆಯ ಪ್ರೋಗ್ರಾಮುಗಳು ಮಾತ್ರ ನಿಂತುಹೋದವು. ಒಪ್ಪಂದದ ಪ್ರಕಾರ ಮುಂಬಾಗಿಲಿನಿಂದ ಬಂದವುಗಳಿಗೆ ತೊಂದರೆಯಾಗಲಿಲ್ಲ.

ಹೊಸ ಪಿಸಿಐ ಎಕ್ಸ್‌ಪ್ರೆಸ್ ಬಾಗಿಲಿನ ಸ್ವಭಾವವೇ ಬೇರೆ. ಅಲ್ಲಿ ಜಂಪರ್ ವೈರಿನ ಆಟ ನಡೆಯದು. ಸೆಕೆಂಡಿಗೆ 500 ಕೋಟಿ ಬಿಟ್ಟುಗಳು ಓಡುವಾಗ ಎರಡು ತಂತಿಗಳ ಉದ್ದದಲ್ಲಿ ಕೂದಲಿನಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಪ್ರತಿ ಸಂಕೇತಕ್ಕೂ ಜೋಡಿ ತಂತಿ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮ ತಾಗುವುದರಿಂದ, ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದಿದರೆ ಗದ್ದಲ ಕಳೆದುಹೋಗಿ ಮಾತು ಉಳಿಯುತ್ತದೆ. ಹತ್ತು ಬಿಟ್ಟುಗಳಲ್ಲಿ ಎಂಟು ನಮ್ಮ ಮಾಹಿತಿ, ಎರಡು ದಾರಿಯನ್ನು ಹದದಲ್ಲಿಡುವ ಸುಂಕ. ಉಳಿಯುವುದು ಸೆಕೆಂಡಿಗೆ 500 ಮೆಗಾಬೈಟ್. ಮೆಮೊರಿ ಕಾರ್ಡಿನ ಮುಂದೆ ಇದು ಪ್ರವಾಹ.

ಎಸ್‌ಎಸ್‌ಡಿ ಕೂರಿಸುವ ತೊಟ್ಟಿಲಿಗೆ ಅಷ್ಟು ಚಿಕ್ಕ ಬೋರ್ಡಿನಲ್ಲಿ ಜಾಗವಿರಲಿಲ್ಲ. ಹಾಗಾಗಿ ತೆಳ್ಳನೆಯ ರಿಬ್ಬನ್ ಕೇಬಲ್ಲಿನಲ್ಲಿ ದಾರಿಯನ್ನಷ್ಟೇ ಹೊರಗೆ ಬಿಟ್ಟು, ಮುಂದಿನದನ್ನು ಬೇರೆಯವರಿಗೆ ಒಪ್ಪಿಸಿದರು. ಅಧಿಕೃತ ಬೋರ್ಡು ಬರುವುದಕ್ಕೂ ಮೊದಲೇ ಶೆಫೀಲ್ಡಿನ ಪಿಮೊರೊನಿ ಕಂಪನಿ ಪೈಯ ಕೆಳಗೆ ಕೂರುವ ಒಂದನ್ನು ಮಾಡಿತು. ಮಹಡಿಯ ಬದಲು ನೆಲಮಾಳಿಗೆ. 2023ರ ಡಿಸೆಂಬರಿನಲ್ಲಿ ಹ್ಯಾಟ್ ಒಪ್ಪಂದದ ಹೊಸ ರೂಪ ‘ಹ್ಯಾಟ್ ಪ್ಲಸ್’ ಬಂತು. ಪೈ ಮಲಗಿದ್ದಾಗ 5 ವೋಲ್ಟ್ ಇದ್ದು 3.3 ವೋಲ್ಟ್ ಆರಿರಬಹುದು, ಆ ಹೊತ್ತಿನಲ್ಲೂ ಹ್ಯಾಟು ಕೆಡದೆ ಇರಬೇಕು ಎಂಬಂಥ ಸೂಕ್ಷ್ಮಗಳನ್ನು ಅದರಲ್ಲಿ ಸೇರಿಸಿದ್ದರು. ಆ ಒಪ್ಪಂದಕ್ಕೆ ಅನುಗುಣವಾದ, ಎಸ್‌ಎಸ್‌ಡಿ ಕೂರಿಸುವ ಎಂ.2 ಹ್ಯಾಟ್ ಪ್ಲಸ್, 12 ಡಾಲರಿಗೆ, 2024ರ ಮೇ ತಿಂಗಳಲ್ಲಿ ಬಂತು. ಕನೆಕ್ಟರನ್ನು ಮೊದಲು ನೋಡಿದ ದಿನದಿಂದ ಎಂಟು ತಿಂಗಳು ತುಂಬಲು ಬಂದಿತ್ತು.

ನನ್ನ ಮೇಜಿಗೆ ಅದು ಬಂದ ಸಂಜೆ ಪೆಟ್ಟಿಗೆ ಬಿಚ್ಚಿ ಎಲ್ಲವನ್ನೂ ಒಂದು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡೆ. ಬೋರ್ಡು, ರಿಬ್ಬನ್, ನಾಲ್ಕು ಕಂಬ, ಸ್ಕ್ರೂಗಳು, ಮತ್ತು 16 ಮಿಲಿಮೀಟರ್ ಎತ್ತರದ ಒಂದು ಪಿನ್ನಿನ ಪಟ್ಟಿ. ಕಂಬಗಳ ಎತ್ತರವೂ 16. ಕೆಳಗೆ ಫ್ಯಾನು ಇರುವ ಕೂಲರ್ ಕೂರಿಸಿದರೂ ಗಾಳಿಯಾಡಲು ಜಾಗ ಉಳಿಯಲೆಂದು ಈ ಎತ್ತರ. ಪೈಯ ಕನೆಕ್ಟರಿನ ಕಂದು ಪಟ್ಟಿಯನ್ನು ಎರಡು ಉಗುರುಗಳಿಂದ ಎರಡೂ ಕಡೆ ಸಮನಾಗಿ ಎತ್ತಿದೆ. ರಿಬ್ಬನ್ನಿನ ತಾಮ್ರದ ಮುಖವನ್ನು ಯುಎಸ್‌ಬಿ ಕಡೆಗೆ ತಿರುಗಿಸಿ, ಓರೆಯಾಗದಂತೆ ಇಳಿಸಿ, ಪಟ್ಟಿಯನ್ನು ಮತ್ತೆ ಒತ್ತಿದೆ. ಕೇಳಿಯೂ ಕೇಳದಂಥ ಒಂದು ‘ಟಿಕ್’. ನಾಲ್ಕು ಕಂಬ ಬಿಗಿದೆ. ಎತ್ತರದ ಪಿನ್ನಿನ ಪಟ್ಟಿಯನ್ನು ನಲವತ್ತರ ಮೇಲೆ ಕೂರಿಸಿ ಹ್ಯಾಟನ್ನು ಅದರ ಮೂಲಕ ಇಳಿಸಿದೆ. ಎಸ್‌ಎಸ್‌ಡಿ 2230 ಅಳತೆಯದ್ದು; 22 ಮಿಲಿಮೀಟರ್ ಅಗಲ, 30 ಉದ್ದ. ಅದನ್ನು ಓರೆಯಾಗಿ ತೂರಿಸಿ, ಮೇಲೆದ್ದ ತುದಿಯನ್ನು ಬೆರಳಲ್ಲಿ ಒತ್ತಿಹಿಡಿದು ಕೊನೆಯ ಸ್ಕ್ರೂ ಹಾಕಿದೆ.

ವಿದ್ಯುತ್ತು ಕೊಟ್ಟೆ. 27, 28ನೆಯ ಪಿನ್ನುಗಳಲ್ಲಿ ಪರಿಚಯ ನಡೆದಿರಬೇಕು. ನಾನು ಏನನ್ನೂ ಹೇಳಿಕೊಡದೆಯೇ ಪಿಸಿಐ ಎಕ್ಸ್‌ಪ್ರೆಸ್ ದಾರಿ ತೆರೆದುಕೊಂಡಿತು, ಎಸ್‌ಎಸ್‌ಡಿಯ ಹೆಸರು ಪರದೆಗೆ ಬಂತು. ಎಂಟು ತಿಂಗಳು ಕಾದದ್ದು ಇದಕ್ಕೇ. ಆದರೆ ನನ್ನ ಕಣ್ಣು ಹ್ಯಾಟಿನ ಅಂಚಿಗೆ ಹೋಯಿತು. ಎತ್ತರದ ಪಟ್ಟಿಯ ಪಿನ್ನುಗಳು ಹ್ಯಾಟನ್ನು ತೂರಿಕೊಂಡು ಮೇಲೆ ಬಂದು, ಮೊದಲಿನ ಹಾಗೇ ತೆರೆದು ನಿಂತಿದ್ದವು. ಮಹಡಿಯ ಮೇಲೂ ಕಂಬಿ.

ಯಂತ್ರವನ್ನು ಆರಿಸಿ, ಮೇಜಿನ ಕೆಳಗಿನ ಖಾನೆ ಎಳೆದೆ. 2013ರ ಆ ವಾಯುಭಾರದ ಸೆನ್ಸರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು, ಅವೇ ನಾಲ್ಕು ವೈರುಗಳ ಸಮೇತ. ಒಂದು, ಮೂರು, ಐದು, ಆರು ಎಂದು ಎಣಿಸಿ ಸಿಕ್ಕಿಸಿದೆ. ಪೈ ಎದ್ದ ಮೇಲೆ ಹಾಜರಿ ಕೂಗುವ ಆದೇಶ ಕೊಟ್ಟೆ. ಚೌಕಳಿ ಚೌಕಳಿಯಾಗಿ ಖಾಲಿ ಗೆರೆಗಳು ಒಂದೊಂದೇ ಸಾಲು ಇಳಿದುಬಂದವು. ಕೊನೆಯ ಸಾಲಿನಲ್ಲಿ 77 ಮೂಡಿತು.